ಅಕ್ಕಿ ಚೀಲ ಹೊರಲು ನಾಚಿಕೆ ಯಾಕೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಗಿನಿಂದ ಇಲ್ಲಿ ದೊಡ್ಡ ದೊಡ್ಡ ವಿಷಯಗಳ ಚರ್ಚೆ ಆಗಿದೆ. ಜಾತಿಯ ಹುಟ್ಟು, ಭೂಮಿಯ ಪ್ರಶ್ನೆ, ಮೀಸಲಾತಿ. ನನಗೆ ಉಳಿದಿರುವುದು ಸಣ್ಣ ವಿಷಯ. ರೇಷನ್ ಕಾರ್ಡು ಮತ್ತು ಸೊಸೈಟಿ ಅಕ್ಕಿ. ಇದರ ಮೇಲೇನು ಭಾಷಣ ಅಂತ ಕೆಲವರು ನಗುತ್ತಿದ್ದೀರಿ. ನಗಿ. ಆಮೇಲೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಕೇಜಿ ಬರಬೇಕು, ಎಷ್ಟು ಬರುತ್ತಿದೆ? ಗೊತ್ತಿದ್ದವರು ಕೈ ಎತ್ತಿ.

ಇಷ್ಟು ದೊಡ್ಡ ಹಾಲಿನಲ್ಲಿ ನಾಲ್ಕು ಕೈ. ಅದರಲ್ಲಿ ಮೂರು ಹೆಣ್ಣುಮಕ್ಕಳದು.

ನಿಮ್ಮನ್ನು ಹೀಯಾಳಿಸಲು ಕೇಳಿದ್ದಲ್ಲ. ನಿಮ್ಮ ವಯಸ್ಸಿನಲ್ಲಿ ನಾನೂ ಕೈ ಎತ್ತುತ್ತಿರಲಿಲ್ಲ. ತಾಲ್ಲೂಕಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಒಂದು ಶನಿವಾರ ಊರಿಗೆ ಹೋದಾಗ ಅವ್ವ ಚೀಲ ಕೊಟ್ಟು ಸೊಸೈಟಿಗೆ ಕರೆದುಕೊಂಡು ಹೋದಳು. ಅಂಗಡಿ ಇದ್ದದ್ದು ಊರ ಮಧ್ಯೆ, ಎತ್ತರದ ಜಗಲಿಯ ಮೇಲೆ. ಊರಿನವರು ಜಗಲಿ ಹತ್ತಿ ತಕ್ಕಡಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ಕೇರಿಯವರು ಕೆಳಗೆ, ಮೋರಿ ಪಕ್ಕ. ಅವರದೆಲ್ಲ ಮುಗಿದ ಮೇಲೆ ನಮ್ಮ ಕಾರ್ಡುಗಳನ್ನು ಒಟ್ಟಿಗೆ ಇಸಿದುಕೊಂಡು, ಒಂದೊಂದೇ ಹೆಸರು ಕೂಗಿ, ಮೇಲಿನಿಂದ ಅಕ್ಕಿ ಸುರಿಯುತ್ತಿದ್ದರು. ಚೀಲ ಹಿಡಿದವರು ಚೀಲದಲ್ಲಿ, ಚೀಲ ಇಲ್ಲದವರು ಸೆರಗಿನಲ್ಲಿ. ತಕ್ಕಡಿಯ ಮುಳ್ಳು ನಮಗೆ ಕಾಣುತ್ತಿರಲಿಲ್ಲ. ಕೆಳಗೆ ಚೆಲ್ಲಿದ ಅಕ್ಕಿಯನ್ನು ಅವ್ವ ಮಣ್ಣಿನ ಸಮೇತ ಬಾಚಿಕೊಂಡಳು.

ಚೀಲ ಹೊತ್ತು ಬಸ್ ನಿಲ್ದಾಣದ ಹತ್ತಿರ ಬರುವಾಗ ನನ್ನ ಕ್ಲಾಸಿನ ಹುಡುಗನೊಬ್ಬ ಎದುರಿಗೆ ಬಂದ. ನಾನು ಚೀಲವನ್ನು ಮರದ ಬುಡಕ್ಕೆ ಇಳಿಸಿ, ಅದು ನನ್ನದಲ್ಲ ಅನ್ನುವ ಹಾಗೆ ನಿಂತೆ. ಹಿಂದೆ ಬರುತ್ತಿದ್ದ ಅವ್ವ ನನ್ನನ್ನೂ ನೋಡಿದಳು, ಆ ಹುಡುಗನನ್ನೂ ನೋಡಿದಳು. ಒಂದು ಮಾತೂ ಆಡದೆ ಚೀಲವನ್ನು ತಾನೇ ತಲೆಗೆ ಏರಿಸಿಕೊಂಡು ಗುರುತಿಲ್ಲದವಳ ಹಾಗೆ ನಡೆದು ಹೋದಳು. ನನ್ನ ಮಾನ ಉಳಿಸಿದಳು. ಅವಳ ಮಾನವನ್ನು ನಾನು ಮರದ ಬುಡದಲ್ಲಿ ಇಳಿಸಿ ಬಂದಿದ್ದೆ.

ಆವತ್ತು ನಾಚಿಕೆಪಡಬೇಕಾದವರು ಯಾರು? ಮೇಲಿನಿಂದ ಸುರಿದವನು ನಾಚಲಿಲ್ಲ. ತೂಕದಲ್ಲಿ ಹೊಡೆದವನು ನಾಚಲಿಲ್ಲ. ಅಕ್ಕಿ ಹೊತ್ತ ಹುಡುಗ ನಾಚಿದ. ಕಳ್ಳನ ನಾಚಿಕೆಯನ್ನು ಕಳಕೊಂಡವನ ತಲೆ ಮೇಲೆ ಹೊರಿಸುವುದೇ ಜಾತಿವ್ಯವಸ್ಥೆಯ ದೊಡ್ಡ ಕಸುಬು. ಅದಕ್ಕೇ ಈ ಮಾತು.

ಈ ಅಕ್ಕಿ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ತಿಳಿಯೋಣ. ನಮ್ಮ ಅಜ್ಜಂದಿರಿಗೆ ಕಾಳು ಬರುತ್ತಿದ್ದದ್ದು ಒಡೆಯನ ಕಣದಿಂದ. ವರ್ಷವಿಡೀ ಜೀತ ದುಡಿದರೆ ಇಷ್ಟು ರಾಗಿ, ಸತ್ತ ದನ ಎಳೆದರೆ ಇಷ್ಟು, ಹಬ್ಬಕ್ಕೆ ತಂಗಳು. ಕಾಳು ಕೊಡುವವನ ಎದುರು ಬಾಯಿ ತೆರೆಯುವ ಹಾಗಿಲ್ಲ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಆದರೆ ಹೊಟ್ಟೆಯನ್ನು ರದ್ದು ಮಾಡುವ ಕಾಯ್ದೆ ಇಲ್ಲ. ಸಂಜೆಯ ಕಾಳಿಗೆ ಒಡೆಯನ ಮನೆ ಬಾಗಿಲೇ ಗತಿಯಾದರೆ ಕಾಗದದ ಮೇಲಿನ ಬಿಡುಗಡೆ ಎಷ್ಟು ದಿನ ನಿಂತೀತು?

1943ರಲ್ಲಿ ಬಂಗಾಳದಲ್ಲಿ ಬರಗಾಲ ಬಂತು. ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಭೂಮಿ ಇಲ್ಲದ ಕೂಲಿಗಳು, ಮೀನುಗಾರರು, ಕೈಕಸುಬಿನವರು. ಅಮರ್ತ್ಯ ಸೇನ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ವಿಚಾರ ಮಾಡಿದ್ದಾರೆ. ಕಾಳು ಇಲ್ಲದೆ ಸತ್ತದ್ದಕ್ಕಿಂತ ಕಾಳು ಕೊಳ್ಳುವ ಶಕ್ತಿ ಇಲ್ಲದೆ ಸತ್ತದ್ದು ಹೆಚ್ಚು. ಅಂಗಡಿಯಲ್ಲಿ ಅಕ್ಕಿ ಇರುತ್ತದೆ, ನಮ್ಮ ಮಡಿಲಲ್ಲಿ ಇರುವುದಿಲ್ಲ. ಈ ಎರಡರ ನಡುವೆ ಸೇತುವೆ ಹಾಕಲಿಕ್ಕೇ ರೇಷನ್ ಪದ್ಧತಿ ಇರುವುದು.

1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ರೈತರಿಂದ ಕೊಂಡು ಗೋದಾಮಿನಲ್ಲಿಟ್ಟು ನ್ಯಾಯಬೆಲೆ ಅಂಗಡಿಗೆ ಕಳಿಸುವ ಏರ್ಪಾಡು. 1997ರಲ್ಲಿ ಜನರನ್ನು ಬಡತನದ ಗೆರೆಯ ಕೆಳಗೆ, ಮೇಲೆ ಅಂತ ಎರಡು ಮಾಡಿದರು. ರೇಷನ್ನಿನಲ್ಲಿ ಬಿಪಿಎಲ್, ಎಪಿಎಲ್ ಅನ್ನುವ ವಿಂಗಡಣೆ ಬಂದದ್ದು ಆಗಲೇ. 2000ದ ಡಿಸೆಂಬರಿನಲ್ಲಿ ಕಡುಬಡವರಿಗೆ ಅಂತ್ಯೋದಯ ಕಾರ್ಡು ಬಂತು. 2001ರಲ್ಲಿ ಸರ್ಕಾರದ ಗೋದಾಮುಗಳಲ್ಲಿ 5 ಕೋಟಿ ಟನ್ನಿಗೂ ಮೀರಿ ಧಾನ್ಯ ಬಿದ್ದಿತ್ತು. ಅದೇ ಹೊತ್ತಿನಲ್ಲಿ ರಾಜಸ್ಥಾನದಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ನವೆಂಬರ್ 28ರಂದು ಕೋರ್ಟು ಕೊಟ್ಟ ಮಧ್ಯಂತರ ಆದೇಶ ಈ ಆಹಾರ ಯೋಜನೆಗಳನ್ನು ಜನರ ಹಕ್ಕು ಎಂದು ಮಾಡಿತು. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಬಡಿಸಬೇಕು ಅಂದದ್ದೂ ಆ ಆದೇಶವೇ. ನಿಮ್ಮಲ್ಲಿ ಬಿಸಿಯೂಟ ಉಂಡು ಬೆಳೆದವರೆಲ್ಲ ಆ ಹೋರಾಟದ ಅನ್ನ ಉಂಡವರು.

ಆಮೇಲೆ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದರಲ್ಲಿ ಆದ್ಯತಾ ಕಾರ್ಡಿನ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೇಜಿ, ಅಂತ್ಯೋದಯ ಕುಟುಂಬಕ್ಕೆ 35 ಕೇಜಿ. 2023ರ ಜನವರಿ 1ರಿಂದ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಕೇಜಿಗೆ ಒಂದು ರೂಪಾಯಿ ಇತ್ತು, 2015ರಿಂದ ಪುಕ್ಕಟೆ ಆಯಿತು.

ಪುಕ್ಕಟೆ. ಈ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಪುಕ್ಕಟೆ ಅಕ್ಕಿ ತಿಂದು ಜನ ಸೋಮಾರಿಗಳಾದರು, ಕೂಲಿಗೆ ಆಳು ಸಿಗುತ್ತಿಲ್ಲ ಅನ್ನುವ ಮಾತನ್ನು ನೀವು ಬಸ್ಸಿನಲ್ಲಿ, ಕಾಲೇಜಿನಲ್ಲಿ, ಹೋಟೆಲಿನಲ್ಲಿ ಕೇಳಿದ್ದೀರಿ. ಕೇಳಿ ತಲೆ ತಗ್ಗಿಸಿದ್ದೀರಿ. ಇನ್ನು ಮುಂದೆ ತಲೆ ತಗ್ಗಿಸಬೇಡಿ, ಲೆಕ್ಕ ಕೇಳಿ. ತಿಂಗಳಿಗೆ 5 ಕೇಜಿ ಅಂದರೆ ದಿನಕ್ಕೆ ಒಬ್ಬರಿಗೆ ಸುಮಾರು 165 ಗ್ರಾಂ ಅಕ್ಕಿ. ಕಲ್ಲು ಒಡೆಯುವವನಿಗೆ ಅದು ಒಂದು ಹೊತ್ತಿಗೂ ಸಾಲದು. ಅಷ್ಟರಿಂದ ಯಾರು ಸೋಮಾರಿಯಾಗಲು ಸಾಧ್ಯ? ನಿಜ ಸಂಗತಿ ಬೇರೆ ಇದೆ. ಮಡಕೆಯಲ್ಲಿ ನಾಲ್ಕು ದಿನದ ಅಕ್ಕಿ ಇರುವ ಹೆಂಗಸು, ಇಷ್ಟು ಕೂಲಿಗೆ ನಾ ಬರಲ್ಲ ಅಂತ ಹೇಳಬಲ್ಲಳು. ಮಡಕೆ ಖಾಲಿ ಇದ್ದವಳು ಹೇಳಲಾರಳು. ಭೂಮಾಲೀಕನಿಗೆ ನೋವಾಗಿರುವುದು ನಮ್ಮ ಸೋಮಾರಿತನದಿಂದಲ್ಲ, ನಮ್ಮ 'ಬರಲ್ಲ' ಅನ್ನುವ ಮಾತಿನಿಂದ. ಆ ಮಾತಿಗೆ ಬೆನ್ನಾಗಿ ನಿಂತಿರುವುದು ಈ 5 ಕೇಜಿ.

ಆದರೆ ಹಕ್ಕು ಕಾಗದದ ಮೇಲಿದೆ, ತಕ್ಕಡಿ ಬೇರೆಯವರ ಕೈಯಲ್ಲಿದೆ. ಸುಖದೇವ ಥೋರಟ್ ಮತ್ತು ಜೋಯಲ್ ಲೀ ಅನ್ನುವ ಸಂಶೋಧಕರು ಐದು ರಾಜ್ಯಗಳ 531 ಹಳ್ಳಿಗಳ ಸಮೀಕ್ಷೆಯನ್ನು ಆಧರಿಸಿ 2005ರಲ್ಲಿ ಒಂದು ಲೇಖನ ಬರೆದರು. ಆ ಐದರಲ್ಲಿ ಕರ್ನಾಟಕ ಇರಲಿಲ್ಲ. ಆದರೂ ಓದಿದರೆ ನಮ್ಮೂರಿನ ಕತೆ ಅನಿಸುತ್ತದೆ. ದಲಿತರಿಗೆ ತೂಕದಲ್ಲಿ ಕಡಿತ, ಬೆಲೆಯಲ್ಲಿ ಹೆಚ್ಚಳ, ದಲಿತರಿಗೇ ಬೇರೆ ದಿನ, ಮುಟ್ಟದೆ ಮೇಲಿನಿಂದ ಸುರಿಯುವುದು. ನನ್ನ ಅವ್ವನ ಸೆರಗಿಗೆ ಸುರಿದದ್ದು ಒಬ್ಬ ಕೆಟ್ಟ ಅಂಗಡಿಯವನ ಕೆಲಸ ಅಂತ ನಾನು ತಿಳಿದಿದ್ದೆ. ಅದು ದೇಶದ ಪದ್ಧತಿ ಅಂತ ಆಗ ಗೊತ್ತಾಯಿತು.

ಕಳ್ಳತನದ ಲೆಕ್ಕ ಒಂದು ಮಾಡಿ ನೋಡಿ. ಒಂದು ಅಂಗಡಿಗೆ 400 ಕಾರ್ಡು ಅಂತ ಇಟ್ಟುಕೊಳ್ಳಿ. ಕಾರ್ಡಿಗೆ ಒಂದೇ ಒಂದು ಕೇಜಿ ಹೊಡೆದರೆ ತಿಂಗಳಿಗೆ 4 ಕ್ವಿಂಟಾಲ್, ವರ್ಷಕ್ಕೆ 48 ಕ್ವಿಂಟಾಲ್. ಕೇಜಿಗೆ 34 ರೂಪಾಯಿಯಂತೆ ವರ್ಷಕ್ಕೆ 1,63,200 ರೂಪಾಯಿ. 'ಒಂದು ಕೇಜಿ ತಾನೇ, ಬಿಡವ್ವ' ಅಂತ ನಾವು ಬಿಟ್ಟುಕೊಡುವ ಮೊತ್ತ ಇದು. ಇದರ ಜೊತೆಗೆ ಹೆಬ್ಬೆಟ್ಟಿಗೆ ಹತ್ತು ರೂಪಾಯಿ, ಬೇಡವಾದ ಸೋಪು, ಟೀಪುಡಿ ಕೊಂಡರೆ ಮಾತ್ರ ಅಕ್ಕಿ, ಇವತ್ತು ಸರ್ವರ್ ಇಲ್ಲ ನಾಳೆ ಬಾ. ನಾಳೆ ಬರಬೇಕಾದರೆ ಒಂದು ದಿನದ ಕೂಲಿ ಹೋಯಿತು.

ಹೆಬ್ಬೆಟ್ಟಿನ ವಿಷಯ ಇನ್ನೂ ಗಂಭೀರವಾದದ್ದು. ಗಾರೆ ಕಲಸಿ, ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದಿರುತ್ತದೆ. ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. 2017ರ ಜುಲೈನಲ್ಲಿ ಗೋಕರ್ಣದಲ್ಲಿ ಒಂದೇ ಮನೆಯ ಮೂವರು ದಲಿತ ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆ ಆಗಿಲ್ಲವೆಂದು ಆ ಮನೆಗೆ ತಿಂಗಳುಗಟ್ಟಲೆ ರೇಷನ್ ನಿಂತಿತ್ತು ಅಂತ ಹಕ್ಕುಗಳ ಸಂಘಟನೆಗಳು ಹೇಳಿದವು. ಹಸಿವಿನಿಂದ ಸತ್ತದ್ದಲ್ಲ ಅಂತ ಸರ್ಕಾರ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ಅನ್ನ ಅನ್ನ ಅನ್ನುತ್ತಾ ಸತ್ತಳೆಂದು ತಾಯಿ ಹೇಳಿದಳು. ಆ ಮನೆಯ ಕಾರ್ಡೂ ರದ್ದಾಗಿತ್ತು. ಅಲ್ಲಿಯೂ ಸರ್ಕಾರ ಮಲೇರಿಯಾ ಅಂದಿತು. ಸತ್ತ ಮೇಲೆ ಕಾಯಿಲೆಯ ಹೆಸರು ಹುಡುಕುವ ಆಸಕ್ತಿ ಬದುಕಿದ್ದಾಗ ಹೆಸರನ್ನು ಪಟ್ಟಿಯಲ್ಲಿ ಉಳಿಸಲು ಇರಲಿಲ್ಲ. ಆಧಾರ್ ಇಲ್ಲದ, ಹೆಬ್ಬೆಟ್ಟು ಹೊಂದದ ಒಂದೇ ಕಾರಣಕ್ಕೆ ಯಾರಿಗೂ ಧಾನ್ಯ ನಿರಾಕರಿಸಬಾರದು, ಹೆಸರು ತೆಗೆಯಬಾರದು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ಬರೆಯಬೇಕಾಯಿತು. ಆ ತಾರೀಖನ್ನು ಬರೆದಿಟ್ಟುಕೊಳ್ಳಿ. ಯಂತ್ರ ಒಪ್ಪುತ್ತಿಲ್ಲ ಅನ್ನುವವನಿಗೆ ತೋರಿಸಲು ಬೇಕಾಗುತ್ತದೆ.

ಈಗ ಇನ್ನೊಂದು ಪ್ರಶ್ನೆ. ಅಕ್ಕಿ ಬೇಕೋ ದುಡ್ಡು ಬೇಕೋ? 2023ರಲ್ಲಿ ರಾಜ್ಯ ಸರ್ಕಾರ ಹೆಚ್ಚುವರಿ 5 ಕೇಜಿ ಕೊಡುತ್ತೇವೆ ಅಂದಿತು. ಕೇಂದ್ರ ಸರ್ಕಾರ ಆ ಜೂನ್‌ನಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಆಗ ಕೇಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕಿಗೆ ಹಾಕಿದರು. ಜುಲೈನಿಂದ ಶುರುವಾಗಿ 2025ರ ಜನವರಿಯ ತನಕ ಹಾಗೇ ನಡೆಯಿತು. ಫೆಬ್ರವರಿಯಿಂದ ದುಡ್ಡು ನಿಂತು ಅಕ್ಕಿ ಬಂತು. ದುಡ್ಡು ಬರುತ್ತಿದ್ದಾಗ ನಮ್ಮ ಕೇರಿಯ ಹೆಂಗಸರನ್ನು ಕೇಳಿದ್ದೆ. ಒಬ್ಬಳು, 'ದುಡ್ಡೇ ಸೈ ಕಣಪ್ಪ, ಕಿರಾಣಿ ಅಂಗಡಿಗೆ ಹೋಗಿ ತೊಗರಿಬೇಳೆ, ಎಣ್ಣೆ ತಂದೆ, ಮೊಟ್ಟೆ ತಂದೆ' ಅಂದಳು. ಇನ್ನೊಬ್ಬಳು, 'ದುಡ್ಡು ಬಂದದ್ದು ನನಗೆ ಗೊತ್ತಾಗೋ ಮುಂಚೆ ಅವನಿಗೆ ಗೊತ್ತಾಗಿ ಸಾರಾಯಂಗಡಿ ಸೇರಿತು, ಅಕ್ಕಿಯಾದರೆ ಕುಡಿಯೋಕಾಗಲ್ಲ' ಅಂದಳು. ಮೂರನೆಯವಳ ಖಾತೆಗೆ ಜೋಡಣೆಯೇ ಆಗಿರಲಿಲ್ಲ. 34 ರೂಪಾಯಿ ಆಹಾರ ನಿಗಮದ ಬೆಲೆ, ಕಿರಾಣಿ ಅಂಗಡಿಯ ಬೆಲೆಯಲ್ಲ, ಆ ದುಡ್ಡಿಗೆ ಅಂಗಡಿಯಲ್ಲಿ 5 ಕೇಜಿ ಒಳ್ಳೆ ಅಕ್ಕಿ ಬರುತ್ತಿರಲಿಲ್ಲ ಅನ್ನುವುದನ್ನೂ ಅವಳೇ ಹೇಳಿದಳು.

ಮೂವರ ಮಾತೂ ಸರಿ. ಪಟ್ಟಣದ ಮೇಜಿನ ಮೇಲೆ ಕುಳಿತು ಅಕ್ಕಿಯೋ ದುಡ್ಡೋ ಅಂತ ವಾದಿಸುವವರು ಈ ಮೂವರನ್ನು ಒಟ್ಟಿಗೆ ಕೂರಿಸಿ ಕೇಳಿಲ್ಲ. ಅಕ್ಕಿ ಒಂದರಿಂದಲೇ ಅಡುಗೆ ಆಗುವುದಿಲ್ಲ. ಕೇರಿಗಳಲ್ಲಿ ಸೊಸೈಟಿ ಅಕ್ಕಿಯನ್ನು ಕೇಜಿಗೆ ಹತ್ತಕ್ಕೋ ಹನ್ನೆರಡಕ್ಕೋ ದಲ್ಲಾಳಿಗೆ ಮಾರುತ್ತಾರೆ. ಅದು ಕಾನೂನಿಗೆ ವಿರುದ್ಧ. ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಯಾಕೆ ಮಾರುತ್ತಾರೆ ಅಂತ ನೋಡಿ. ಐದು ಕೇಜಿ ಅಕ್ಕಿ ಕೊಟ್ಟು ಅರ್ಧ ಕೇಜಿ ಬೇಳೆಯನ್ನೂ ಪೂರ್ತಿ ಕೊಳ್ಳಲಾರದ ವ್ಯಾಪಾರ ಅದು. ಸಾರಿಲ್ಲದ ಅನ್ನ ಎಷ್ಟು ದಿನ ಉಂಡಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ, ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ. ಹೊಟ್ಟೆ ತುಂಬಿದ ಮಾತ್ರಕ್ಕೆ ಮೈಯಲ್ಲಿ ರಕ್ತ ತುಂಬುವುದಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವ ತೀರ್ಮಾನ ಮಾಡಿತು. ಬೇಳೆ ಅಗತ್ಯ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ನಾವು ಅಷ್ಟಕ್ಕೆ ಬಿಡಬಾರದು. ರಾಗಿ, ಜೋಳ, ಬೇಳೆ, ಎಣ್ಣೆ ಎಲ್ಲವೂ ಕಾಯ್ದೆಯೊಳಗೇ ಬರಬೇಕು. ಸರ್ಕಾರದ ಮರ್ಜಿಯಲ್ಲಿ ಬಂದದ್ದು ಸರ್ಕಾರದ ಮರ್ಜಿಯಲ್ಲೇ ಹೋಗುತ್ತದೆ. ಕಾಯ್ದೆಯಲ್ಲಿ ಬಂದದ್ದನ್ನು ಕೋರ್ಟಿನಲ್ಲಿ ಕೇಳಬಹುದು.

ಗೆಳೆಯರೇ, ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಹಾಸ್ಟೆಲಿನಲ್ಲಿ ಸಾರು ನೀರಾದರೆ ತಟ್ಟೆ ಹಿಡಿದು ವಾರ್ಡನ್ ಬಾಗಿಲಿಗೆ ಧರಣಿ ಕೂರುತ್ತೀರಿ. ಸ್ಟಾಕ್ ಬುಕ್ ತೋರಿಸಿ ಅಂತ ಕೇಳುತ್ತೀರಿ. ಒಳ್ಳೆಯದು. ಅದೇ ನೀವು ಊರಿಗೆ ಹೋದಾಗ ಅವ್ವನ ಅಕ್ಕಿ ಎರಡು ಕೇಜಿ ಕಡಿಮೆ ಬಂದರೆ ಸುಮ್ಮನೆ ಉಂಡು ಬರುತ್ತೀರಿ. ಹಾಸ್ಟೆಲಿನ ತಟ್ಟೆಗೆ ಇರುವ ರೋಷ ಅವ್ವನ ತಟ್ಟೆಗೆ ಯಾಕಿಲ್ಲ? ಓದಿದ್ದು ಯಾರಿಗಾಗಿ?

ಮುಂದಿನ ಶನಿವಾರ ಊರಿಗೆ ಹೋಗುವವರು ಇಷ್ಟು ಮಾಡಿ.

ಒಂದು, ಕಾರ್ಡು ಕೈಗೆ ತೆಗೆದುಕೊಂಡು ಓದಿ. ಎಷ್ಟು ಹೆಸರಿದೆ, ಯಾವ ಬಗೆಯ ಕಾರ್ಡು, ಯಾರ ಹೆಸರು ಬಿಟ್ಟುಹೋಗಿದೆ ನೋಡಿ. ಕಾಯ್ದೆಯ 13ನೇ ಕಲಮಿನ ಪ್ರಕಾರ 18 ತುಂಬಿದ ಹಿರಿಯ ಹೆಂಗಸೇ ಮನೆಯ ಯಜಮಾನಿ. ನಿಮ್ಮ ಅವ್ವನ ಹೆಸರು ಮೊದಲಿದೆಯಾ?

ಎರಡು, ಕಾರ್ಡನ್ನು ಅಂಗಡಿಯವನ ಹತ್ತಿರ ಬಿಡಬೇಡಿ. ಸುಪ್ರೀಂ ಕೋರ್ಟು 2003ರ ಮೇ 2ರ ಆದೇಶದಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾರ್ಡು ಇಟ್ಟುಕೊಳ್ಳುವ, ಸುಳ್ಳು ಬರೆಯುವ, ಅಂಗಡಿಯನ್ನು ತಿಂಗಳಿಡೀ ತೆರೆಯದ, ಕಾಳಸಂತೆಗೆ ಮಾರುವ ಅಂಗಡಿಯ ಲೈಸೆನ್ಸು ರದ್ದಾಗಬೇಕು.

ಮೂರು, ಅಂಗಡಿಯ ಬೋರ್ಡು ನೋಡಿ. ದಾಸ್ತಾನು, ತಲಾ ಎಷ್ಟು, ಬೆಲೆ, ಅಂಗಡಿಯ ಹೊತ್ತು, ಫಲಾನುಭವಿಗಳ ಪಟ್ಟಿ ಎಲ್ಲ ಬರೆದಿರಬೇಕು. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ತೂಕವನ್ನು ಕಣ್ಣೆದುರು ಮಾಡಿಸಿ. ಯಂತ್ರದಿಂದ ಬರುವ ಚೀಟಿ ಇಸಿದುಕೊಳ್ಳಿ. ಚೀಟಿಯಲ್ಲಿರುವ ತೂಕವೂ ಚೀಲದ ತೂಕವೂ ಒಂದೇನಾ ನೋಡಿ. ಲೆಕ್ಕ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದಾಸ್ತಾನು ಪುಸ್ತಕದ ನಕಲು ಕೇಳಿ ಅರ್ಜಿ ಬರೆಯಿರಿ. ಅರ್ಜಿ ಬರೆಯಲಿಕ್ಕೆ ತಾನೇ ಅಕ್ಷರ ಕಲಿತಿರುವುದು.

ನಾಲ್ಕು, ಕೇರಿಯವರನ್ನು ಕೆಳಗೆ ನಿಲ್ಲಿಸಿದರೆ, ಬೇರೆ ಸಾಲು ಮಾಡಿದರೆ, ಅದು ಬರೀ ರೇಷನ್ ದೂರಲ್ಲ. ಅಂಗಡಿಗೆ ಪ್ರವೇಶ ತಡೆಯುವುದು, ಎಲ್ಲರಿಗೂ ಕೊಡುವ ರೀತಿಯಲ್ಲಿ ಸಾಮಾನು ಕೊಡದಿರುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲೇ ಅಪರಾಧ. ಒಬ್ಬರೇ ಹೋಗಬೇಡಿ. ಹತ್ತು ಮನೆ ಸೇರಿ, ಹೆಂಗಸರನ್ನು ಮುಂದಿಟ್ಟುಕೊಂಡು ಹೋಗಿ. ದೂರಿಗೆ 1967 ಸಂಖ್ಯೆಗೆ ಫೋನು ಮಾಡಬಹುದು. ಫೋನಿನ ಜೊತೆ ಬರಹದಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇರಬೇಕೆಂದು 2013ರ ಕಾಯ್ದೆಯೇ ಹೇಳುತ್ತದೆ. ಕೊಡಬೇಕಾದ ಧಾನ್ಯ ಕೊಡದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 8ನೇ ಕಲಮು ಇದೆ. ಅದನ್ನು ಕೇಳಿದವರು ಎಷ್ಟು ಜನ?

ಐದು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಅಣ್ಣಂದಿರಿಗೆ ಹೇಳಿ, ಅದೇ ಕಾರ್ಡಿನಿಂದ ಅಲ್ಲಿನ ಅಂಗಡಿಯಲ್ಲೂ ತಮ್ಮ ಪಾಲು ತೆಗೆದುಕೊಳ್ಳಬಹುದು. ಊರಿನ ಒಬ್ಬನೇ ಅಂಗಡಿಯವನ ಗುತ್ತಿಗೆ ಅಲ್ಲ ನಾವು.

ಆರನೆಯದು ನಿಧಾನದ ಕೆಲಸ. ನ್ಯಾಯಬೆಲೆ ಅಂಗಡಿ ಕೊಡುವಾಗ ಪಂಚಾಯಿತಿ, ಸಹಕಾರ ಸಂಘ, ಸ್ವಸಹಾಯ ಸಂಘಗಳಿಗೆ ಆದ್ಯತೆ, ಅಂಗಡಿಯ ಆಡಳಿತ ಹೆಂಗಸರ ಕೈಗೆ ಅಂತ ಕಾಯ್ದೆಯ 12ನೇ ಕಲಮು ಹೇಳುತ್ತದೆ. ನಮ್ಮ ಹೆಂಗಸರ ಸಂಘಗಳು ಅರ್ಜಿ ಹಾಕಲಿ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದು ಹೇಳಿದೆ. ಸೆರಗು ಒಡ್ಡಿದ ಕೈಗೆ ತಕ್ಕಡಿ ಬರಲಿ, ಸೌಟು ಬರಲಿ. ಜಾತಿ ಅಲ್ಲಾಡುವುದು ಅಲ್ಲಿ.

ಇಷ್ಟು ಹೇಳಿ ಒಂದು ಎಚ್ಚರಿಕೆ ಕೊಡುತ್ತೇನೆ. ರೇಷನ್ ಅಕ್ಕಿಯೇ ವಿಮೋಚನೆ ಅಂತ ತಿಳಿಯಬೇಡಿ. ಅಕ್ಕಿ ಕೊಟ್ಟೆವಲ್ಲ ಅಂತ ಹೇಳಿ ಭೂಮಿಯ ಮಾತು ಮರೆಸುವವರಿದ್ದಾರೆ. ನಮಗೆ ಮಂಜೂರಾದ ಭೂಮಿ ಪರರ ಪಾಲಾಗಬಾರದೆಂದು 1978ರಲ್ಲಿ ಈ ರಾಜ್ಯದಲ್ಲಿ ಕಾಯ್ದೆ ಆಯಿತು. ಆ ಕಾಯ್ದೆಯ ಮೇಲೆ ಇವತ್ತಿಗೂ ನಮ್ಮ ಜನ ಕೋರ್ಟು ಕಚೇರಿ ಅಲೆಯುತ್ತಿದ್ದಾರೆ. ಸ್ವಂತ ಹೊಲದ ರಾಗಿ ಉಣ್ಣುವ ದಿನಕ್ಕಾಗಿಯೇ ಹೋರಾಟ. ಆ ದಿನದವರೆಗೆ ಬದುಕಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಹೋರಾಡಲು ಈ ಅಕ್ಕಿ ಬೇಕು. ಎರಡನ್ನೂ ಬಿಡುವ ಹಾಗಿಲ್ಲ.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದ್ದನ್ನು ನಾವೆಲ್ಲ ಓದಿದ್ದೇವೆ. ಅದೇ ಸಮ್ಮೇಳನದಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಸೆದ ತುತ್ತಿಗೆ ಕೈ ಒಡ್ಡಬೇಡಿ ಅಂತ ನಮ್ಮ ಜನಕ್ಕೆ ಹೇಳಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಎಸೆದದ್ದನ್ನು ಆಯ್ದು ತಿನ್ನುವುದಕ್ಕೂ ಪಾಲನ್ನು ಕೇಳಿ ತೆಗೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಸ್ವಾಭಿಮಾನ. ಕೆರೆ ಸಾರ್ವಜನಿಕ ಆಸ್ತಿ ಅಂತ ಹೇಳಿಯೇ ಅವರು ನೀರು ಮುಟ್ಟಿದರು. ಸೊಸೈಟಿ ಅಕ್ಕಿಯೂ ಸಾರ್ವಜನಿಕ ಆಸ್ತಿ. ಬೆಂಕಿಪೊಟ್ಟಣದಿಂದ ಹಿಡಿದು ಸೋಪಿನವರೆಗೆ ಕೊಳ್ಳುವ ಪ್ರತಿಯೊಂದರ ಮೇಲೂ ನಿಮ್ಮ ಅವ್ವ ತೆರಿಗೆ ಕಟ್ಟಿದ್ದಾಳೆ. ಅಕ್ಕಿ ಬೆಳೆದ ಗದ್ದೆಯಲ್ಲಿ ನಾಟಿ ಹಾಕಿದ್ದಾಳೆ. ಗೋದಾಮಿಗೆ ಮೂಟೆ ಹೊತ್ತವನು ನಿಮ್ಮ ಅಪ್ಪ. ಇದು ಯಾರಪ್ಪನ ಮನೆಯ ದಾನ?

ನನ್ನ ಅವ್ವ ಈಗಿಲ್ಲ. ಆ ಮರ ಇನ್ನೂ ಇದೆ. ಊರಿಗೆ ಹೋದಾಗಲೆಲ್ಲ ನೋಡುತ್ತೇನೆ. ಅವಳು ಇದ್ದಾಗಲೇ ಹಿಂದಿರುಗಿ ಓಡಿಹೋಗಿ ಆ ಚೀಲ ಇಸಿದುಕೊಳ್ಳಬೇಕಿತ್ತು. ಇಸಿದುಕೊಳ್ಳಲಿಲ್ಲ. ನಿಮಗೆ ಆ ಅವಕಾಶ ಇದೆ. ಮುಂದಿನ ಶನಿವಾರ ಕಾರ್ಡು ಹಿಡಿದು, ಅವ್ವನ ಜೊತೆ ಜಗಲಿಯ ಮೇಲೆ ಹತ್ತಿ ನಿಂತು, ತಕ್ಕಡಿಯ ಮುಳ್ಳು ನೋಡಿ, ಚೀಲವನ್ನು ನಿಮ್ಮ ಹೆಗಲಿಗೆ ಏರಿಸಿಕೊಂಡು ಬಸ್ ನಿಲ್ದಾಣದ ಮುಂದೆಯೇ ನಡೆದು ಬನ್ನಿ. ಕ್ಲಾಸಿನ ಹುಡುಗ ಎದುರು ಸಿಕ್ಕಿದರೆ, ಇವಳು ನಮ್ಮವ್ವ, ಇದು ನಮ್ಮ ಪಾಲಿನ ಅಕ್ಕಿ ಅಂತ ಹೇಳಿ.

ಜೈಭೀಮ್.